ಶಸ್ತ್ರಕ್ರಿಯೆಯ ಉಪಕರಣಗಳಿಗೆ ಬಣ್ಣದ ಗುರುತು

ಆಸ್ಪತ್ರೆಯ ಆಪರೇಷನ್ ಥಿಯೇಟರಿನಿಂದ ಹೊರಬರುವ ಟ್ರೇಯನ್ನು ಕಂಡವರು ನಮ್ಮ ವಾಚಕರಲ್ಲಿ ಕೆಲವರಾದರೂ ಇರಬೇಕು. ಕತ್ತರಿ, ಚಿಮಟ, ರಕ್ತನಾಳವನ್ನು ಹಿಡಿದಿಡುವ ಆರ್ಟರಿ ಫೋರ್ಸೆಪ್ಸ್, ಹೊಲಿಗೆಯ ಸೂಜಿ ಹಿಡಿಯುವ ಇಕ್ಕಳ, ಹೀಗೆ ನಲವತ್ತು ಐವತ್ತು ಸಾಮಾನುಗಳು. ಎಲ್ಲವೂ ಒಂದೇ ಬಿಳಿ ಹೊಳಪಿನ ಉಕ್ಕು. ಅವುಗಳ ಹಿಡಿಯ ಬಳಿ ಕೆಂಪೋ ನೀಲಿಯೋ ಹಳದಿಯೋ ಒಂದು ಸಣ್ಣ ಪಟ್ಟಿ ಕಾಣುತ್ತದೆ. ಅದು ಅಲಂಕಾರಕ್ಕೆ ಹಾಕಿದುದಲ್ಲ. ಆ ಪಟ್ಟಿ ಏನು ಹೇಳುತ್ತದೆ, ಉಕ್ಕಿನ ಮೇಲೆ ಅದು ನಿಲ್ಲುವಂತೆ ಮಾಡುವುದು ಹೇಗೆ, ನಿಲ್ಲದೆ ಹೋದರೆ ಆಗುವ ಕೆಡುಕೇನು, ಇವೇ ಈ ಸಲದ ಪಾಠದ ವಿಷಯ.

ಇದು ವೈದ್ಯರಿಗೆ ಸೇರಿದ ಸಂಗತಿ, ನಮಗೇಕೆ ಎಂದು ಯಾರಾದರೂ ಕೇಳಬಹುದು. ವಾಗಳೆ ಎಸ್ಟೇಟು, ಡೊಂಬಿವಲಿಯ ಎಂ.ಐ.ಡಿ.ಸಿ., ರಬಾಳೆ, ತಳೋಜಾ ಮೊದಲಾದ ಕಡೆ ಲೋಹದ ಕೆಲಸದಲ್ಲಿರುವ ನಮ್ಮವರಿಗೆ ಪಾಲಿಶ್, ಪ್ಲೇಟಿಂಗ್, ಆನೋಡೈಸಿಂಗ್ ಎಂಬ ಮಾತುಗಳು ದಿನಬಳಕೆಯವು. ಆಸ್ಪತ್ರೆ, ನರ್ಸಿಂಗ್ ಹೋಮುಗಳ ಸ್ಟೋರಿನಲ್ಲಿ ಇಂಡೆಂಟ್ ಬರೆಯುವ ಗುಮಾಸ್ತರೂ ಇದ್ದಾರೆ. ಉಪಕರಣಗಳನ್ನು ತೊಳೆದು ಜೋಡಿಸುವ ಕೆಲಸದಲ್ಲಿರುವ ತಮ್ಮಂದಿರು, ತಂಗಿಯರೂ ಇದ್ದಾರೆ. ಶಸ್ತ್ರವೈದ್ಯರ ಕೈಗೆ ಕತ್ತರಿ ಸೇರುವುದಕ್ಕೆ ಮುಂಚೆ ಅದು ಇಷ್ಟು ಮಂದಿಯ ಕೈ ದಾಟಿರುತ್ತದೆ.

ಮೊದಲು ಬಣ್ಣ ಯಾಕೆ ಬೇಕೆಂಬುದನ್ನು ನೋಡೋಣ. ಒಂದು ದೊಡ್ಡ ಆಸ್ಪತ್ರೆಯಲ್ಲಿ ಹೊಟ್ಟೆಯ ಶಸ್ತ್ರಕ್ರಿಯೆಗೆ ಒಂದು ಸೆಟ್, ಹೆರಿಗೆಗೆ ಒಂದು, ಮೂಳೆಗೆ ಒಂದು, ಕಿವಿ-ಮೂಗಿಗೆ ಒಂದು ಎಂದು ಬೇರೆ ಬೇರೆ ಇರುತ್ತವೆ. ಕೆಲಸ ಮುಗಿದ ಮೇಲೆ ಎಲ್ಲವೂ ಒಂದೇ ಕಡೆಗೆ, ಸಿ.ಎಸ್.ಎಸ್.ಡಿ. ಎಂದು ಕರೆಯುವ ನಿರ್ಜಂತುಕರಣ ವಿಭಾಗಕ್ಕೆ, ಬರುತ್ತವೆ. ಅಲ್ಲಿ ತೊಟ್ಟಿಯಲ್ಲಿ ಮಿಶ್ರವಾದ ಎರಡು ಫೋರ್ಸೆಪ್ಸುಗಳನ್ನು ಕಣ್ಣಳತೆಯಿಂದ ಬೇರ್ಪಡಿಸುವುದು ಸುಲಭವಲ್ಲ. ನವಿರಾದ ಅಂಗಾಂಶ ಕತ್ತರಿಸುವ ಕತ್ತರಿ ಹತ್ತಿಬಟ್ಟೆ ಕತ್ತರಿಸುವ ಸೆಟ್ಟಿಗೆ ಸೇರಿಕೊಂಡರೆ ಒಂದೆರಡು ದಿನದಲ್ಲಿ ಅದರ ಅಲಗು ಮೊಂಡಾಗುತ್ತದೆ. ಮರಳಿ ತನ್ನ ಸೆಟ್ಟಿಗೆ ಬಂದಾಗ ಅದು ಕತ್ತರಿಸುವುದಿಲ್ಲ, ಜಗಿಯುತ್ತದೆ. ಇನ್ನೂ ಮುಖ್ಯವಾದುದು ಎಣಿಕೆ. ರೋಗಿಯ ಗಾಯವನ್ನು ಹೊಲಿಯುವ ಮುನ್ನ ಸೂಜಿ, ಸ್ಪಂಜು, ಉಪಕರಣಗಳ ಎಣಿಕೆ ಸರಿಹೋಗಬೇಕು; ವಿಶ್ವ ಆರೋಗ್ಯ ಸಂಸ್ಥೆಯು 2008ರಲ್ಲಿ ಹೊರತಂದ ಶಸ್ತ್ರಕ್ರಿಯಾ ಸುರಕ್ಷಾ ಪಟ್ಟಿಯಲ್ಲಿಯೂ ಇದು ಒಂದು ಬಾಬು. ಬೇರೆ ಸೆಟ್ಟಿನ ಒಂದು ಫೋರ್ಸೆಪ್ಸ್ ನಡುವೆ ಬಂದು ಸೇರಿದರೆ ಎಣಿಕೆ ಸರಿಬಂದಂತೆ ತೋರಿಯೂ ತಪ್ಪಾಗಿರಬಹುದು.

ಹಾಗಾದರೆ ಒಂದಿಷ್ಟು ಬಣ್ಣ ಬಳಿದರೆ ಆಯಿತಲ್ಲ? ಆಗುವುದಿಲ್ಲ. ಈ ಉಪಕರಣ ಪ್ರತಿ ಸಲವೂ ಪಡುವ ಪಾಡನ್ನು ನೋಡಬೇಕು. ರಕ್ತ ಒಣಗುವ ಮುನ್ನ ಮಾರ್ಜಕದ ನೀರಿನಲ್ಲಿ ನೆನೆಯುತ್ತದೆ, ಬ್ರಷ್ಷಿನಿಂದ ಉಜ್ಜಿಸಿಕೊಳ್ಳುತ್ತದೆ, ಕೆಲವು ಕಡೆ ಕಿವಿಗೆ ಕೇಳಿಸದ ಶಬ್ದದ ಅಲೆಗಳಿಂದ ಕೊಳೆ ಬಿಡಿಸುವ ಅಲ್ಟ್ರಾಸಾನಿಕ್ ತೊಟ್ಟಿಯಲ್ಲಿ ಕೂರುತ್ತದೆ, ಕಡೆಗೆ ಆಟೋಕ್ಲೇವಿನಲ್ಲಿ ಒತ್ತಡದ ಹಬೆಗೆ ಸಿಕ್ಕುತ್ತದೆ. ಆಟೋಕ್ಲೇವ್ ಎಂಬುದು ನಮ್ಮ ಅಡುಗೆಮನೆಯ ಕುಕ್ಕರಿನ ಅಣ್ಣ. ಚದರ ಅಂಗುಲಕ್ಕೆ 15 ಪೌಂಡ್ ಒತ್ತಡದಲ್ಲಿ ಹಬೆಯ ಶಾಖ 121 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ. ಅದರಲ್ಲಿ ಕಡಿಮೆಯೆಂದರೂ 15 ನಿಮಿಷ ಇಡಬೇಕು. ಹೆಚ್ಚಿನ ಒತ್ತಡದ ಯಂತ್ರಗಳಲ್ಲಿ ಶಾಖ 134 ಡಿಗ್ರಿಗೆ ಏರುತ್ತದೆ, ಹೊತ್ತು ಕಡಿಮೆ ಸಾಕು. ದಿನಕ್ಕೆ ಒಂದೇ ಸಲವೆಂದರೂ ವರ್ಷಕ್ಕೆ ಮುನ್ನೂರು ಸಲ. ಕಾದಾಗ ಉಕ್ಕು ಒಂದು ಪ್ರಮಾಣದಲ್ಲಿ ಹಿಗ್ಗುತ್ತದೆ, ಬಣ್ಣದ ಪದರ ಇನ್ನೊಂದು ಪ್ರಮಾಣದಲ್ಲಿ. ಈ ಎಳೆದಾಟದಲ್ಲಿ ಸೋಲುವುದು ಅವೆರಡರ ನಡುವಣ ಹಿಡಿತ. ಅಂಗಡಿಯಲ್ಲಿ ಸಿಗುವ ಎನಾಮೆಲ್ ಬಣ್ಣವಾಗಲಿ, ತುರ್ತಿಗೆಂದು ಕೆಲವರು ಹಚ್ಚುವ ಉಗುರುಬಣ್ಣವಾಗಲಿ ಕೆಲವೇ ಸಲಕ್ಕೆ ಸಿಪ್ಪೆ ಏಳುತ್ತದೆ. ಆ ಸಿಪ್ಪೆಯ ಚೂರು ತೆರೆದ ಗಾಯದೊಳಕ್ಕೆ ಬಿದ್ದರೆ ಅದನ್ನು ಹುಡುಕಿ ತೆಗೆಯುವವರು ಯಾರು?

ಇಲ್ಲಿ ಉಕ್ಕಿನ ಸ್ವಭಾವದ ಬಗ್ಗೆ ಎರಡು ಮಾತು ಹೇಳಬೇಕು. 1913ರಲ್ಲಿ ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಹ್ಯಾರಿ ಬ್ರಿಯರ್ಲಿ ಎಂಬವರು ಬಂದೂಕದ ನಳಿಗೆ ಬೇಗ ಸವೆಯದಂಥ ಉಕ್ಕನ್ನು ಹುಡುಕುತ್ತಿರುವಾಗ, ಸುಮಾರು 13 ಭಾಗ ಕ್ರೋಮಿಯಂ ಬೆರೆಸಿದ ಉಕ್ಕು ತುಕ್ಕಿಗೆ ಬಗ್ಗದುದನ್ನು ಕಂಡರು. ನೂರಕ್ಕೆ ಹತ್ತೂವರೆ ಭಾಗಕ್ಕಿಂತ ಹೆಚ್ಚು ಕ್ರೋಮಿಯಂ ಇದ್ದರೆ ಗಾಳಿ ತಾಗಿದೊಡನೆ ಉಕ್ಕಿನ ಮೈಮೇಲೆ ಕ್ರೋಮಿಯಂ ಆಕ್ಸೈಡಿನ ತೆಳುಪೊರೆ ತಾನಾಗಿ ಕಟ್ಟುತ್ತದೆ. ಅದರ ದಪ್ಪ ಒಂದು ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಕೆಲವೇ ಭಾಗ, ಕಣ್ಣಿಗೆ ಕಾಣದು. ಸ್ಟೇನ್‌ಲೆಸ್ ಎಂಬ ಹೆಸರು ಬಂದುದು ಈ ಪೊರೆಯ ದೆಸೆಯಿಂದ. ಗೀರಿದರೆ ಪೊರೆ ಮತ್ತೆ ಕಟ್ಟಿಕೊಳ್ಳುತ್ತದೆ, ಆದರೆ ಅದಕ್ಕೆ ಗಾಳಿ ಬೇಕು. ಉಪ್ಪು ಅದರ ವೈರಿ. ರಕ್ತದಲ್ಲಿ ಉಪ್ಪಿದೆ, ಸಲೈನಿನಲ್ಲಿ ಉಪ್ಪಿದೆ. ಬ್ಲೀಚಿಂಗ್ ಪುಡಿಯ ಕ್ಲೋರಿನ್ ಇನ್ನೂ ಕೆಟ್ಟದ್ದು. ನಮ್ಮ ಅಡುಗೆಮನೆಯ ಒಳ್ಳೆಯ ತಟ್ಟೆ-ಲೋಟಗಳಲ್ಲಿ 18 ಭಾಗ ಕ್ರೋಮಿಯಂ, 8 ಭಾಗ ನಿಕೆಲ್ ಇರುತ್ತದೆ. ಕತ್ತರಿಯ ಉಕ್ಕಿಗೆ ಹದ ಕೊಟ್ಟು ಗಡಸು ಮಾಡಬೇಕಾದುದರಿಂದ ಅದರಲ್ಲಿ ಇಂಗಾಲ ಹೆಚ್ಚು, ಕ್ರೋಮಿಯಂ ಕಡಿಮೆ. ಕೇಳಲು ಸೋಜಿಗವಾದರೂ, ಬೆಲೆಬಾಳುವ ಶಸ್ತ್ರಕತ್ತರಿಯು ಮನೆಯ ಲೋಟಕ್ಕಿಂತ ಬೇಗ ತುಕ್ಕು ಹಿಡಿಯಬಲ್ಲದು.

ಆದುದರಿಂದ ಬಣ್ಣದ ಗುರುತಿಗೆ ಪರೀಕ್ಷೆ ಎರಡು: ಅದು ತಾನು ಉಳಿಯಬೇಕು; ತನ್ನ ಕೆಳಗಿನ ಪೊರೆಯನ್ನು ಕೆಡಿಸಲೂ ಬಾರದು. ಎರಡನೆಯದನ್ನು ಜನ ಮರೆಯುತ್ತಾರೆ.

ನಮ್ಮ ಕಡೆಯ ಆಸ್ಪತ್ರೆಗಳಲ್ಲಿ ಎಲ್ಲಕ್ಕಿಂತ ಸುಲಭವಾಗಿ ಕೈಗೆ ಬರುವುದು ಟೇಪು. ಹಬೆಯ ಶಾಖ ತಾಳುವಂತೆ ಮಾಡಿದ ಬಣ್ಣದ ಅಂಟುಪಟ್ಟಿಯಿದು. ವಿದ್ಯುತ್ ತಂತಿಗೆ ಸುತ್ತುವ ಟೇಪನ್ನು ಇದರ ಬದಲಿಗೆ ಬಳಸಕೂಡದು. ಸುತ್ತುವುದಕ್ಕೂ ಕ್ರಮವುಂಟು. ಉಪಕರಣಗಳಿಗೆ ಹಚ್ಚುವ ಎಣ್ಣೆಯ ಪಸೆ ಇದ್ದರೆ ಅಂಟು ಹಿಡಿಯದು. ಮೊದಲು ಸ್ಪಿರಿಟಿನಿಂದ ಒರೆಸಿ ಒಣಗಿಸಬೇಕು. ಬೆರಳು ತೂರಿಸುವ ಬಳೆಯ ಮೇಲೋ ಹಿಡಿಯ ದಂಡದ ಮೇಲೋ ಸುತ್ತಬೇಕೇ ಹೊರತು ಕೀಲಿನ ಹತ್ತಿರ, ಹಲ್ಲಿನ ಹತ್ತಿರ, ಅಲಗಿನ ಹತ್ತಿರ ಸುತ್ತಕೂಡದು. ಒಂದು ಸುತ್ತು, ಹೆಚ್ಚೆಂದರೆ ಒಂದೂವರೆ. ದಪ್ಪ ಸುತ್ತಿದರೆ ಗಟ್ಟಿ ಎಂಬ ಭಾವನೆ ತಪ್ಪು. ಪದರದ ಮೇಲೆ ಪದರ ಬಂದಷ್ಟೂ ಕೊಳೆ ಅಡಗುವ ಸಂದು ಹೆಚ್ಚುತ್ತದೆ, ಹಬೆ ಒಳಹೋಗುವ ದಾರಿ ಕಡಿಮೆಯಾಗುತ್ತದೆ. ಸುತ್ತಿದ ಮೇಲೆ ಒಂದು ಸಲ ಆಟೋಕ್ಲೇವಿಗೆ ಹಾಕಿ ತೆಗೆದರೆ ಶಾಖಕ್ಕೆ ಅಂಟು ಕೂರುತ್ತದೆ. ಆಮೇಲೆ ಪ್ರತಿ ಸಲ ಜೋಡಿಸುವಾಗಲೂ ಅಂಚನ್ನು ಬೆರಳಿನಿಂದ ಸವರಿ ನೋಡಬೇಕು. ಅಂಚು ಎದ್ದಿದ್ದರೆ ಆ ಉಪಕರಣ ಟ್ರೇಗೆ ಹೋಗಬಾರದು. ಎದ್ದ ಅಂಚಿನ ಅಡಿಯಲ್ಲಿ ನೀರು, ಉಪ್ಪು, ರಕ್ತದ ಅಂಶ ನಿಲ್ಲುತ್ತದೆ, ಗಾಳಿ ಆಡುವುದಿಲ್ಲ. ಹೇಳಿದೆವಲ್ಲ, ಗಾಳಿಯಿಲ್ಲದ ಕಡೆ ಪೊರೆ ಮತ್ತೆ ಕಟ್ಟದು. ಟೇಪು ಬಿಚ್ಚಿ ನೋಡಿದರೆ ಅದರಡಿ ಕಂದು ಚುಕ್ಕೆಗಳ ಸಾಲು ಕಾಣುವುದುಂಟು. ಬಣ್ಣ ಹೊಳೆಯುತ್ತಲೇ ಇರುತ್ತದೆ, ಅದರಡಿಯ ಉಕ್ಕು ಕೊರೆಯುತ್ತಿರುತ್ತದೆ.

ಟೇಪಿಗಿಂತ ಬಾಳಿಕೆಯದು ನೈಲಾನ್ ಲೇಪ. ಕಾಯಿಸಿದ ಹಿಡಿಯನ್ನು ನೈಲಾನಿನ ಬಣ್ಣದ ಪುಡಿಯಲ್ಲಿ ಅದ್ದಿದಾಗ ಪುಡಿ ಕರಗಿ ಸಮನಾದ ಪದರವಾಗಿ ಅಂಟುತ್ತದೆ. ಇದಕ್ಕೆ ಅಂಚು ಕಡಿಮೆ, ಸಂದು ಕಡಿಮೆ. ಅದಾಗಿಯೂ ಕೆಳಗೆ ಬಿದ್ದು ಒಡೆದರೆ, ಒಂದರ ಮೇಲೊಂದು ರಾಶಿ ಹಾಕಿ ಕುಟ್ಟಿದರೆ ಇದೂ ಚಕ್ಕೆ ಏಳುತ್ತದೆ. ಚಕ್ಕೆ ಎದ್ದುದಕ್ಕೆ ತೇಪೆ ಹಾಕುವಂತಿಲ್ಲ. ಪೂರ್ತಿ ಸುಲಿದು ಮತ್ತೆ ಅದ್ದಬೇಕು. ಮನೆಯಲ್ಲಿ ಮಾಡುವ ಕೆಲಸವಲ್ಲ.

ಪಾತ್ರೆಯಂಗಡಿಯವನು ನಮ್ಮ ಸ್ಟೀಲಿನ ಕೊಡಪಾನದ ಮೇಲೆ ಗಿರ್ರೆನ್ನುವ ಸೂಜಿಯಿಂದ ಮನೆತನದ ಹೆಸರನ್ನು ಚುಕ್ಕಿಚುಕ್ಕಿಯಾಗಿ ಕೊರೆದು ಕೊಡುವುದನ್ನು ಎಲ್ಲರೂ ಕಂಡಿದ್ದೇವೆ. ಅದು ಕೊಡಪಾನಕ್ಕೆ ಸರಿ. ಫೋರ್ಸೆಪ್ಸಿಗೆ ಮಾತ್ರ ಕೂಡದು. ಹದಗೊಂಡ ಗಡಸು ಉಕ್ಕಿನಲ್ಲಿ ಆ ಕುಳಿಗಳು ಬಿರುಕಿಗೆ ಮೂಲ, ತುಕ್ಕಿಗೆ ಗೂಡು. ವಿದ್ಯುತ್ತಿನಿಂದ ಮೇಲುಮೈಯನ್ನು ತುಸು ಕಪ್ಪಾಗಿಸುವ ಎಚ್ಚಿಂಗ್ ಕ್ರಮ ಇದಕ್ಕಿಂತ ಮೇಲು. ಲೇಸರ್ ಗುರುತು ಇನ್ನೂ ಮೇಲು: ಕಿರಣದ ಶಾಖಕ್ಕೆ ಮೈ ಕೊರೆಯದೆಯೇ ಅಲ್ಲಿನ ಆಕ್ಸೈಡ್ ದಪ್ಪಗಾಗಿ ಕಪ್ಪು ಅಕ್ಷರ ಮೂಡುತ್ತದೆ, ಬೆರಳಿಗೆ ಏರುತಗ್ಗು ತಿಳಿಯದು. ಶಾಖ ಮಿತಿಮೀರಿದರೆ ಅಲ್ಲಿಯ ಕ್ರೋಮಿಯಂ ಬಲ ಕುಂದಿ ಅಕ್ಷರದ ಗೆರೆಯಲ್ಲಿಯೇ ತುಕ್ಕು ಬರುತ್ತದೆ. ಲೇಸರ್ ಯಂತ್ರ ನಡೆಸುವ ನಮ್ಮ ವಾಚಕರು ಇದನ್ನು ನೆನಪಿಡಬೇಕು: ಅತಿ ಕಪ್ಪಾದ ಗುರುತು ಅತಿ ಒಳ್ಳೆಯ ಗುರುತಲ್ಲ.

ಇನ್ನು ಆನೋಡೈಸಿಂಗ್. ಇಲ್ಲಿಯೇ ಹೆಚ್ಚಿನ ಗೊಂದಲ, ಆದುದರಿಂದ ನಿಧಾನವಾಗಿ ನೋಡೋಣ. ಹಳೆಯ ಮನೆಗಳಲ್ಲಿ ಗುಲಾಬಿ, ಹಸಿರು, ಚಿನ್ನದ ಬಣ್ಣದ ಅಲ್ಯುಮಿನಿಯಂ ಲೋಟಗಳು ಇರುತ್ತಿದ್ದವು. ಎಷ್ಟು ತಿಕ್ಕಿದರೂ ಅವುಗಳ ಬಣ್ಣ ಸಿಪ್ಪೆ ಏಳುತ್ತಿರಲಿಲ್ಲ. ಆಮ್ಲದ ತೊಟ್ಟಿಯಲ್ಲಿ ಲೋಟವನ್ನು ವಿದ್ಯುತ್ತಿನ ಧನ ತುದಿಗೆ ಕಟ್ಟಿದಾಗ ಅಲ್ಯುಮಿನಿಯಮ್ಮಿನ ಮೈಯಿಂದಲೇ ಜೇನುಹಟ್ಟಿನಂತೆ ಸೂಕ್ಷ್ಮರಂಧ್ರಗಳುಳ್ಳ ಆಕ್ಸೈಡ್ ಬೆಳೆಯುತ್ತದೆ. ಆ ರಂಧ್ರಗಳಿಗೆ ಬಣ್ಣ ಕುಡಿಸಿ, ಬಿಸಿನೀರಿನಲ್ಲಿ ಬಾಯಿ ಮುಚ್ಚಿಸುತ್ತಾರೆ. ಆಸ್ಪತ್ರೆಯ ಅಲ್ಯುಮಿನಿಯಂ ಡಬ್ಬಿಗಳ ಮುಚ್ಚಳಕ್ಕೂ ಇದೇ ಕ್ರಮ. ಆದರೆ ಸೋಡಾದಂಥ ತೀಕ್ಷ್ಣ ಕ್ಷಾರದಲ್ಲಿ ತೊಳೆದರೆ ಅಲ್ಯುಮಿನಿಯಂ ಆಕ್ಸೈಡ್ ಕರಗುತ್ತದೆ, ಬಣ್ಣ ಮಾಸುತ್ತದೆ.

ಟೈಟೇನಿಯಂ ಲೋಹದ ಕಥೆ ಬೇರೆ. ಮುರಿದ ಮೂಳೆಗೆ ಹಾಕುವ ತಿರುಪು, ಪಟ್ಟಿಗಳು ನೀಲಿ, ಚಿನ್ನ, ನೇರಳೆ ಬಣ್ಣದಲ್ಲಿರುವುದನ್ನು ಕಂಡಿರಬಹುದು, ಅಳತೆಗೊಂದು ಬಣ್ಣ. ಅದರಲ್ಲಿ ಬಣ್ಣದ ದ್ರವ್ಯ ಒಂದು ಹನಿಯೂ ಇಲ್ಲ. ಮಳೆಗಾಲದಲ್ಲಿ ಗೋಖಲೆ ರಸ್ತೆಯ ನೀರಿನ ಮೇಲೆ ರಿಕ್ಷಾದ ಎಣ್ಣೆ ಒಂದು ತೊಟ್ಟು ಬಿದ್ದರೆ ನವಿಲಿನ ಬಣ್ಣ ಹರಡುತ್ತದೆಯಲ್ಲ, ಅದೇ ನ್ಯಾಯ. ತೆಳುಪದರದ ಮೇಲ್ಮೈಯಿಂದ ಮರಳಿದ ಬೆಳಕೂ ಕೆಳಮೈಯಿಂದ ಮರಳಿದ ಬೆಳಕೂ ಕೂಡಿದಾಗ ಕೆಲವು ಬಣ್ಣ ಬಲಗೊಳ್ಳುತ್ತದೆ, ಕೆಲವು ಅಳಿಯುತ್ತದೆ. ಟೈಟೇನಿಯಮ್ಮಿನ ಮೇಲಿನ ಆಕ್ಸೈಡ್ ಎಷ್ಟು ದಪ್ಪ ಬೆಳೆಯಬೇಕೆಂಬುದನ್ನು ವೋಲ್ಟೇಜು ನಿರ್ಧರಿಸುತ್ತದೆ: ಸುಮಾರು 30 ವೋಲ್ಟಿಗೆ ನೀಲಿ, 55-60ರ ಸುಮಾರಿಗೆ ಹಳದಿ, ಇನ್ನೂ ಮೇಲೆ ಹೋದರೆ ಗುಲಾಬಿ, 100ರ ಹತ್ತಿರ ಹಸಿರು. ಸಿಪ್ಪೆ ಏಳಲು ಅಲ್ಲಿ ಅಂಟಿಸಿದ ಪದರವೇ ಇಲ್ಲ. ಆದರೆ ಉಜ್ಜಿ ಸವೆದರೆ ಪದರ ತೆಳ್ಳಗಾಗಿ ಬಣ್ಣವೇ ಬೇರೆಯಾಗುತ್ತದೆ.

ಇದನ್ನು ಕೇಳಿದವರು, ಸ್ಟೀಲಿನ ಫೋರ್ಸೆಪ್ಸಿಗೂ ಹೀಗೆಯೇ ಆನೋಡೈಸ್ ಮಾಡಿಕೊಡಿ ಎಂದು ಶೆಡ್ಡಿಗೆ ಬರುತ್ತಾರೆ. ಆಗದು. ಉಕ್ಕಿನ ಮೇಲೆ ಅಂಥ ಪದರ ಆ ತೊಟ್ಟಿಯಲ್ಲಿ ಬೆಳೆಯುವುದಿಲ್ಲ. ಉಕ್ಕೇ ಸವೆದು ಹಾಳಾಗಬಹುದು. ಒಪ್ಪಿಕೊಂಡು ಕೆಡಿಸುವುದಕ್ಕಿಂತ ಆಗುವುದಿಲ್ಲವೆಂದು ಹೇಳಿ ಕಳುಹಿಸುವುದು ಕಸುಬಿಗೆ ಮರ್ಯಾದೆ.

ಸ್ಟೇನ್‌ಲೆಸ್ ಉಕ್ಕಿಗೆ ದ್ರವ್ಯವಿಲ್ಲದೆ ಬಣ್ಣ ಬರಿಸುವ ಒಂದು ರಾಸಾಯನಿಕ ಕ್ರಮ ಇಲ್ಲವೆಂದಲ್ಲ: ಬಿಸಿಮಾಡಿದ ಕ್ರೋಮಿಕ್ ಆಮ್ಲ, ಗಂಧಕಾಮ್ಲಗಳ ಮಿಶ್ರಣದಲ್ಲಿ ಅದ್ದಿ ಮೈಯ ಪೊರೆಯನ್ನು ದಪ್ಪ ಮಾಡುವುದು. ಕಟ್ಟಡದ ಅಲಂಕಾರದ ಹಾಳೆಗಳಿಗೆ ಅದು ನಡೆಯುತ್ತದೆ. ಕೈಯಿಂದ ಕೈಗೆ ಉಜ್ಜಾಡುವ ಉಪಕರಣಕ್ಕೆ ನಮ್ಮ ಅಭಿಪ್ರಾಯದಲ್ಲಿ ಅದು ತಕ್ಕುದಲ್ಲ, ಮತ್ತು ಅದರ ಬೆಲೆಯನ್ನು ತೆರುವವನು ತೊಟ್ಟಿಯ ಬಳಿ ನಿಂತವನು. ಕ್ರೋಮ್ ಪ್ಲೇಟಿಂಗಿನ ತೊಟ್ಟಿಯ ಆವಿಯಲ್ಲಿಯೂ ಇರುವ ಹೆಕ್ಸಾವೇಲೆಂಟ್ ಕ್ರೋಮಿಯಂ ಕೈಬೆರಳಿನ ಸಂದಿಯಲ್ಲಿ ವಾಸಿಯಾಗದ ಹುಣ್ಣು ಮಾಡುತ್ತದೆ, ಮೂಗಿನ ನಡುಗೋಡೆಯನ್ನು ನೋವಿಲ್ಲದೆಯೇ ತೂತು ಮಾಡುತ್ತದೆ. ಶ್ವಾಸಕೋಶದ ಕ್ಯಾನ್ಸರಿಗೂ ಕಾರಣವೆಂದು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1990ರಲ್ಲಿಯೇ ಸಾರಿದೆ. ನಮ್ಮ ದೇಶದ 1948ರ ಕಾರ್ಖಾನೆ ಕಾಯಿದೆಯು ಕ್ರೋಮ್ ಹುಣ್ಣನ್ನು ವರದಿ ಮಾಡಲೇಬೇಕಾದ ರೋಗಗಳ ಪಟ್ಟಿಯಲ್ಲಿ ಸೇರಿಸಿತ್ತು. ಇಂಥ ಕಡೆ ಕೆಲಸ ಮಾಡುವ ತಮ್ಮಂದಿರು ಮೂಗಿನಲ್ಲಿ ಪದೇ ಪದೇ ಹೊಪ್ಪಳೆ ಕಟ್ಟಿದರೆ, ಆಗಾಗ ರಕ್ತ ಕಂಡರೆ, ನೆಗಡಿಯೆಂದು ಸುಮ್ಮನಿರದೆ ತಾವು ಯಾವ ತೊಟ್ಟಿಯ ಬಳಿ ನಿಲ್ಲುತ್ತೀರೆಂಬುದನ್ನು ವೈದ್ಯರಿಗೆ ಬಾಯಿಬಿಟ್ಟು ಹೇಳಬೇಕು. ಕೇಳದೆ ಇದ್ದರೆ ವೈದ್ಯರಿಗೂ ಹೊಳೆಯದು.

ಬಣ್ಣ ನಿಂತಿತೆನ್ನೋಣ. ಅದರ ಅರ್ಥ ನಿಲ್ಲುವುದು ಹೇಗೆ? ನಮ್ಮ ಕಣ್ಣೆದುರಿಗೇ ಒಂದು ಉದಾಹರಣೆಯಿದೆ. ಮುಂಬಯಿಯ ಡಬ್ಬಾವಾಲಾಗಳು 19ನೆಯ ಶತಮಾನದ ಕೊನೆಯಿಂದ ಊಟದ ಡಬ್ಬಿ ಸಾಗಿಸುತ್ತಿದ್ದಾರೆ. ಮೊದಮೊದಲು ಬಣ್ಣದ ದಾರದ ಗುರುತು. ಆಮೇಲೆ ಮುಚ್ಚಳದ ಮೇಲೆ ಬಣ್ಣ, ಅಂಕೆ, ಅಕ್ಷರಗಳ ಕೂಟ. ಯಾವ ಸ್ಟೇಷನ್ನಿನಲ್ಲಿ ಇಳಿಯಬೇಕು, ಯಾವ ಕಟ್ಟಡ, ಎಷ್ಟನೆಯ ಮಾಳಿಗೆ ಎಂಬುದೆಲ್ಲ ಅದರಲ್ಲಿ ಅಡಕ. ಇಲ್ಲಿ ಗಮನಿಸಬೇಕಾದುದು, ಅವರು ಬಣ್ಣವೊಂದನ್ನೇ ನಂಬಿಲ್ಲ; ಜೊತೆಗೆ ಅಂಕೆಯೂ ಅಕ್ಷರವೂ ಇದೆ. ಬಣ್ಣ ಮಾಸಿದರೆ ಮತ್ತೆ ಬಳಿಯುತ್ತಾರೆ, ಡಬ್ಬಿಗೆ ಅದರಿಂದ ದೋಷವಿಲ್ಲ. ಆಸ್ಪತ್ರೆಗೆ ಆ ಸೌಕರ್ಯವಿಲ್ಲದಿದ್ದರೂ ಮೊದಲನೆಯ ಪಾಠ ಅದಕ್ಕೂ ಸಲ್ಲುತ್ತದೆ. ಗಂಡಸರಲ್ಲಿ ನೂರಕ್ಕೆ ಕೆಲವರಿಗೆ ಹುಟ್ಟಿನಿಂದಲೇ ಕೆಂಪು-ಹಸಿರು ಬೇರೆಯಾಗಿ ಕಾಣುವುದಿಲ್ಲ; ಬಹಳ ಮಂದಿಗೆ ಅದು ತಮಗೇ ತಿಳಿದಿರುವುದಿಲ್ಲ. ಆದುದರಿಂದ ಒಂದು ಸೆಟ್ಟಿಗೆ ಕೆಂಪು ಒಂದು ಪಟ್ಟಿ, ಇನ್ನೊಂದಕ್ಕೆ ಹಸಿರು ಎರಡು ಪಟ್ಟಿ ಎಂದು ಮಾಡಿದರೆ ಬಣ್ಣ ತಪ್ಪಿದರೂ ಎಣಿಕೆ ತಪ್ಪದು.

ಬಣ್ಣಕ್ಕೆ ತನ್ನಷ್ಟಕ್ಕೆ ಅರ್ಥವಿಲ್ಲ ಎಂಬುದಕ್ಕೆ ಆಸ್ಪತ್ರೆಯೊಳಗೇ ಸಾಕ್ಷಿಯಿದೆ. ಅಂತರರಾಷ್ಟ್ರೀಯ ಕಟ್ಟಳೆಯಂತೆ ಇಂಜೆಕ್ಷನ್ ಸೂಜಿಯ ಬುಡ ಗುಲಾಬಿಯಾಗಿದ್ದರೆ ಅದು 18 ಗೇಜು. ಆದರೆ ಸಲೈನ್ ಏರಿಸುವ ಕ್ಯಾನುಲಾದಲ್ಲಿ ಗುಲಾಬಿಯೆಂದರೆ 20 ಗೇಜು, 18 ಗೇಜಿಗೆ ಹಸಿರು. ಸೂಜಿಯಲ್ಲಿ ಹಸಿರೆಂದರೆ 21. ಎರಡೂ ಪಕ್ಕಾ ಕಟ್ಟಳೆಗಳೇ, ಎರಡೂ ಒಂದೇ ಟ್ರೇಯಲ್ಲಿರುತ್ತವೆ. ಹಾಗೆಯೇ ಕತ್ತರಿಯ ಬಳೆಗಳು ಚಿನ್ನದ ಬಣ್ಣದವಾಗಿದ್ದರೆ ಅದರ ಅಲಗಿಗೆ ಟಂಗ್‌ಸ್ಟನ್ ಕಾರ್ಬೈಡ್ ಎಂಬ ಅತಿ ಗಡಸು ಪದಾರ್ಥ ಕೂರಿಸಿದೆಯೆಂದು ತಯಾರಕರ ವಾಡಿಕೆ. ಸೆಟ್ಟಿಗೂ ಅದಕ್ಕೂ ಸಂಬಂಧವಿಲ್ಲ. ಇಂಥ ಕಡೆ ಹಳದಿ ಟೇಪನ್ನು ಸೆಟ್ಟಿನ ಗುರುತಾಗಿ ಆರಿಸಿಕೊಳ್ಳದಿರುವುದು ಜಾಣತನ. ಸೆಟ್ಟುಗಳಿಗೆ ಯಾವ ಬಣ್ಣವೆಂಬುದನ್ನು ಆಯಾ ಆಸ್ಪತ್ರೆಯೇ ಗೊತ್ತುಪಡಿಸಿ, ಪಟ್ಟಿ ಬರೆದು, ತೊಳೆಯುವ ಕೋಣೆಯ ಗೋಡೆಗೂ ಥಿಯೇಟರಿನ ಗೋಡೆಗೂ ತೂಗುಹಾಕಬೇಕು. ಮರಾಠಿ, ಹಿಂದಿಯಲ್ಲಿಯೂ ಬರೆದಿದ್ದರೆ ಒಳ್ಳೆಯದು. ತೊಳೆಯುವವರೆಲ್ಲ ಇಂಗ್ಲಿಷ್ ಓದುವವರಲ್ಲ.

ಕೊಳ್ಳುವ ಗುಮಾಸ್ತರಿಗೆ ಕೆಲವು ಮಾತು. ಇಂಡೆಂಟಿನಲ್ಲಿ ಬರಿಯ ಬಣ್ಣದ ಗುರುತುಳ್ಳದ್ದು ಎಂದು ಬರೆದರೆ ಏನು ಬೇಕಾದರೂ ಬಂದೀತು. ಗುರುತು ಟೇಪೋ, ನೈಲಾನ್ ಲೇಪವೋ, ಲೇಸರೋ. ಉಪಕರಣದ ಯಾವ ಭಾಗದಲ್ಲಿರಬೇಕು. 134 ಡಿಗ್ರಿಯ ಹಬೆಯಲ್ಲಿ ಎಷ್ಟು ಸಲ ತಾಳುವುದೆಂದು ಮಾರುವವನು ಬರೆದುಕೊಡುತ್ತಾನೆ, ಇಷ್ಟನ್ನು ಕೇಳಬೇಕು. ಉಕ್ಕಿನ ತುಕ್ಕುತಡೆಗೆ ಐ.ಎಸ್.ಒ. 13402 ಎಂಬ ಕಟ್ಟಳೆಯ ಪರೀಕ್ಷೆಗಳಿವೆ. ಅವುಗಳ ವರದಿ ಕೇಳುವುದು ಗುಮಾಸ್ತನ ಹಕ್ಕು. ಪೂರ್ತಿ ಆರ್ಡರಿಗೆ ಮುಂಚೆ ಎರಡು ಮಾದರಿ ತರಿಸಿ, ರೋಗಿಗೆ ಬಳಸದೆ, ಉಳಿದ ಸಾಮಾನಿನ ಜೊತೆ ಐವತ್ತು ಸಲ ತೊಳೆದು ಹಬೆಗೆ ಹಾಕಿಸಿರಿ. ಅಷ್ಟರಲ್ಲಿ ಅಂಚು ಎದ್ದರೆ, ಬಣ್ಣ ಬಿಳಿಚಿಕೊಂಡರೆ, ಕಂದು ಕಲೆ ಕಂಡರೆ ಮುಂದಿನ ಮಾತು ಬೇಡ. ಬೆಲೆ ಕಡಿಮೆಯೆಂಬ ಕಾರಣಕ್ಕೆ ಒಪ್ಪಿಕೊಂಡ ಸರಕು ಆರು ತಿಂಗಳಿಗೆ ಮತ್ತೆ ಇಂಡೆಂಟಾಗಿ ಮೇಜಿಗೆ ಬರುತ್ತದೆ.

ಸಣ್ಣ ನರ್ಸಿಂಗ್ ಹೋಮಿಗೆ ನಾವು ಟೇಪನ್ನೇ ಹೇಳುತ್ತೇವೆ, ಆದರೆ ರಿಜಿಸ್ಟರಿನೊಂದಿಗೆ: ಸುತ್ತಿದ ತಾರೀಕು, ಸೆಟ್ಟಿನ ಹೆಸರು, ಸುತ್ತಿದವರ ಸಹಿ. ಮೂಳೆ ಶಸ್ತ್ರಕ್ರಿಯೆಯಂತೆ ಉಪಕರಣ ಹೆಚ್ಚು ಪೆಟ್ಟು ತಿನ್ನುವ ಕಡೆ ಲೇಸರಿನ ಅಂಕೆಯೇ ಲೇಸು. ಹಳೆಯ ಟೇಪನ್ನು ತೆಗೆಯುವಾಗ ಬ್ಲೇಡಿನಿಂದ ಕೆರೆಯಬಾರದು, ಗೀರು ಬೀಳುತ್ತದೆ. ಕೈಯಿಂದ ಸುಲಿದು, ಉಳಿದ ಅಂಟನ್ನು ಅದಕ್ಕೆಂದೇ ಸಿಗುವ ದ್ರಾವಣದಿಂದ ಒರೆಸಿ, ಮಾರ್ಜಕದಲ್ಲಿ ತೊಳೆದು, ಒಳ್ಳೆಯ ಬೆಳಕಿನಲ್ಲಿ ಭೂತಗನ್ನಡಿ ಹಿಡಿದು ನೋಡಬೇಕು. ಚುಕ್ಕೆ ಕಂಡರೆ ಹೊಸ ಟೇಪು ಸುತ್ತದೆ ಅದನ್ನು ಬೇರೆ ಇಟ್ಟು ರಿಪೇರಿಗೆ ಕಳುಹಿಸಬೇಕು. ಒಂದು ಬಣ್ಣವನ್ನು ಬೇರೊಂದು ಸೆಟ್ಟಿಗೆ ಬದಲಾಯಿಸುವುದಿದ್ದರೆ, ಹಳೆಯ ಸೆಟ್ಟಿನ ಕೊನೆಯ ಉಪಕರಣದಿಂದಲೂ ಆ ಬಣ್ಣ ಹೋಗಿದೆಯೆಂದು ಎಣಿಸಿ ನೋಡಿದ ಮೇಲೆಯೇ ಗೋಡೆಯ ಪಟ್ಟಿಯನ್ನು ತಿದ್ದತಕ್ಕದ್ದು.